ಎಣಿಕೆ ಪಾಠ

ಚಿಲಿಯ ತೆಂಕಣ ಕರಾವಳಿ, ಮೀನುಗಾರರ ಒಂದು ಕೇರಿ.
ಸಂಜೆ ಏಳಕ್ಕೆ ದೊಡ್ಡವರ ಶಾಲೆ.
ಮಕ್ಕಳ ಬೆಂಚಿನಲ್ಲಿ ಮೊಣಕಾಲು ಹಿಡಿಸದೆ
ಓರೆಯಾಗಿ ಕೂತ ಒಂಬತ್ತು ಜನ.
ನಾನು ಸಾಂತಿಯಾಗೊದಿಂದ ಬಂದವನು,
ಜೇಬಿನಲ್ಲಿ ಸೀಮೆಸುಣ್ಣ, ಪದಗಳ ಒಂದು ಪಟ್ಟಿ.
ಇವತ್ತಿನ ಪಾಠ ಭೂಕಂಪ, ಎಂದೆ.

"ಯಾವುದು?" ಅಂದಳು ಸುನಿಲ್ದಾ, ತಲೆಯೆತ್ತದೆ,
ಮಡಿಲಲ್ಲಿ ಹರಿದ ಬಲೆ.
"ತೆಂಬ್ಲೋರೋ, ತೆರ್ರೆಮೋತೋನೋ?"
ಪುಸ್ತಕ ತಿರುವಿದೆ. ಆ ಭೇದ ಅದರಲ್ಲಿರಲಿಲ್ಲ.
ಅವಳೇ ಹೇಳಿದಳು:
ನೆಲ ನಡುಗುವಾಗಲೂ ಚಹಾ ಬಗ್ಗಿಸುತ್ತಲೇ ಇದ್ದರೆ ತೆಂಬ್ಲೋರ್.
ಕೆಟಲ್ ಬಿಟ್ಟು ಮೊಮ್ಮಗುವನ್ನು ಬಾಚಿಕೊಂಡರೆ
ಇನ್ನೊಂದು.

ಸರಿ. ಹಲಗೆಯ ಮೇಲೆ ಬರೆದೆ: ನಾಭಿ, ಮೇಲ್ಕೇಂದ್ರ.
ಲಂಗರು ಕಚ್ಚಿದ ತಳ ನಾಭಿ, ಬಂಡೆ ಜಾರಿದ್ದು ಅಲ್ಲಿ.
ಅದರ ನೇರ ನೆತ್ತಿಗೆ ತೇಲುವ ದೋಣಿ ಮೇಲ್ಕೇಂದ್ರ.
"ಹಾಗಾದರೆ ರೇಡಿಯೊದವರು ಕೊಡುವುದು ದೋಣಿಯ ಸುದ್ದಿ,
ಲಂಗರಿನದಲ್ಲ," ಅಂದ ಮುದುಕ ಎಲೆಉತೇರಿಯೊ,
ಏನೋ ಗೆದ್ದವನ ಹಾಗೆ ಮೀಸೆ ಒರೆಸಿಕೊಂಡ.

ಕಡಲ ತಳ ವರ್ಷಕ್ಕೊಂದು ಬೆರಳುದ್ದ
ನಮ್ಮ ನೆಲದಡಿಗೆ ನುಗ್ಗುತ್ತದೆ, ಸಿಕ್ಕಿಕೊಳ್ಳುತ್ತದೆ.
ತೇವಕ್ಕೆ ಉಬ್ಬಿದ ಮೇಜಿನ ಡ್ರಾಯರು ನೋಡಿ,
ಎಳೆದರೆ ಬರದು, ಎಳೆದರೆ ಬರದು,
ಆಮೇಲೆ ಒಮ್ಮೆಲೇ ಬಂದು
ಚಮಚಗಳೆಲ್ಲ ನೆಲದ ಪಾಲು.
ಆ ಜಾರುವ ಬಿರುಕಿಗೆ ಸ್ತರಭಂಗ ಅನ್ನುತ್ತಾರೆ.
ಯಾರೂ ಬರೆದುಕೊಳ್ಳಲಿಲ್ಲ. ಡ್ರಾಯರು ಎಲ್ಲರ ಮನೆಯಲ್ಲೂ ಇತ್ತು.

ಇನ್ನು ಪ್ರಮಾಣ, ತೀವ್ರತೆ.
ನಾನೀಗ ಗಟ್ಟಿಯಾಗಿ ಅತ್ತೆ ಅನ್ನಿ.
ಎಷ್ಟು ಅತ್ತೆ ಎಂಬುದು ಪ್ರಮಾಣ, ಅದು ಒಂದೇ ಸಂಖ್ಯೆ.
ಯಾರ ಮನೆಗೆ ಎಷ್ಟು ಕೇಳಿಸಿತು ಎಂಬುದು ತೀವ್ರತೆ,
ಅದು ಮನೆಗೊಂದು.
ಆರರಿಂದ ಏಳಕ್ಕೆ ಒಂದೇ ಮೆಟ್ಟಿಲು, ಶಕ್ತಿ ಮಾತ್ರ ಮೂವತ್ತೆರಡು ಪಟ್ಟು.
"ಆ ಏಣಿ ಮಾಡಿದವನು ಸುಳ್ಳುಗಾರ," ಅಂದ ನೊಲ್ಬೆರ್ತೊ.
ಬಂಡೆಯ ಮೇಲಿನ ಮನೆಗೆ ಕಡಿಮೆ ಕೇಳಿಸುತ್ತದೆ,
ಮರಳಿನ ಮೇಲಿನ ಮನೆಗೆ ಹೆಚ್ಚು.

ಕೊನೆಯ ಬೆಂಚಿನ ಒರ್ಫೆಲಿನಾ,
ತಿಂಗಳಿಂದ ಬಾಯಿ ತೆರೆಯದವಳು, ಅಂದಳು:
"ನಮ್ಮನೆ ಮರಳಿನ ಮೇಲಿತ್ತು."
ಇತ್ತು, ಅಂದಳು.
ಬಲೆಯ ಸೂಜಿ ಒಂದು ಗಳಿಗೆ ನಿಂತಿತು.

ನಾನು ಅಲೆಗಳಿಗೆ ಹೋದೆ, ಸ್ವಲ್ಪ ಅವಸರವಾಗಿಯೇ.
ಮೊದಲನೆಯದು ಹಿಂದುಮುಂದಾಗಿ ನೂಕುತ್ತ ಓಡಿ ಬರುತ್ತದೆ.
ಎರಡನೆಯದು ಮೈ ಅಡ್ಡಡ್ಡ ಕುಲುಕುತ್ತ ತಡವಾಗಿ ಬರುತ್ತದೆ,
ಗೋಡೆ ಕೆಡವುವುದು ಹೆಚ್ಚಾಗಿ ಅದೇ.
ನಡುವಿನ ಸೆಕೆಂಡು ಎಣಿಸಿ, ಒಂದಕ್ಕೆ ಸುಮಾರು ಎಂಟು
ಕಿಲೋಮೀಟರು ಎನ್ನುವಷ್ಟರಲ್ಲಿ

ಹೊರಗೆ ನಾಯಿ.
ಕಿಟಕಿಯ ಗಾಜು ಒಮ್ಮೆ ಹಲ್ಲು ಕಡಿಯಿತು.
ನನ್ನ ನಾಲಿಗೆ ಒಣಗಿತ್ತು. ಎಣಿಸಿದವಳು ಒರ್ಫೆಲಿನಾ:
ಒಂದು. ಎರಡು. ಮೂರು.
ಆರಕ್ಕೆ ಎಲೆಉತೇರಿಯೊ ಸೇರಿದ, ಒಂಬತ್ತಕ್ಕೆ ಎಲ್ಲರೂ,
ಮಗ್ಗಿ ಹೇಳುವ ಮಕ್ಕಳ ರಾಗದಲ್ಲಿ.
ಹತ್ತೊಂಬತ್ತಕ್ಕೆ ದೀಪ ತೂಗಿತು,
ಬೆಂಚುಗಳು ನೆಲದ ಮೇಲೆ ತಾವೇ ಕಾಲಾಡಿಸಿದವು,
ಸೀಮೆಸುಣ್ಣ ಉರುಳಿ ಬಿದ್ದು ಎರಡಾಯಿತು.

ಸುನಿಲ್ದಾ ಬಲೆಯ ಸಮೇತ ಎದ್ದು ನಿಂತಳು.
"ನಿಲ್ಲೋಕಾಗುತ್ತೆ. ಕೂತ್ಕೊಳ್ಳಿ ಮೇಷ್ಟ್ರೇ.
ನಿಲ್ಲೋಕಾಗದಿದ್ದರೆ ಸೈರನ್ನಿಗೆ ಕಾಯಬೇಡಿ, ಗುಡ್ಡ ಹತ್ತಿ.
ಇದನ್ನ ಬರೆದುಕೊಳ್ಳಿ."
ಬರೆದುಕೊಂಡೆ, ಅಕ್ಷರ ಸೊಟ್ಟ.

"ನೂರೈವತ್ತೆರಡು," ಅಂದ ನೊಲ್ಬೆರ್ತೊ, ಬೆರಳು ಮಡಿಸಿ.
ಯಾರೋ ನಕ್ಕರು, ಬರೀ ತೆಂಬ್ಲೋರ್.
ಆದರೆ ಅಷ್ಟು ದೂರದಲ್ಲಿ
ಯಾರದೋ ಕೈಯಿಂದ ಕೆಟಲ್ ಬಿದ್ದಿರಬೇಕು.

ದೀಪ ನಿಂತಿತು. ನಾಯಿ ಸುಮ್ಮನಾಯಿತು.
ಒರ್ಫೆಲಿನಾ ಮಾತ್ರ ಎಣಿಸುತ್ತಲೇ ಇದ್ದಳು,
ಎಪ್ಪತ್ತೊಂದು, ಎಪ್ಪತ್ತೆರಡು.
ಪಟ್ಟಿಯಲ್ಲಿ ಇನ್ನೊಂದೇ ಪದ ಉಳಿದಿತ್ತು, ಮರುಕಂಪನ.
ಅವತ್ತು ಅದನ್ನು ಹಲಗೆಗೆ ಬರೆಯಲಿಲ್ಲ.