ಮುಳ್ಳಿನ ಪಕ್ಕದ ಟೇಪು

ಟ್ರಕ್ಕು ಕೊಂಡ ದಿನ ಬೆನಿಗ್ನಾ ಎರಡು ಕೀಲಿ ಕೊಟ್ಟಳು,
ತುಕ್ಕು ಹಿಡಿದ ಜಾಕು, ಅರ್ಧ ಡಬ್ಬಿ ಗ್ರೀಸು.
ಬೂಸ್ಟ್ ಗೇಜಿನ ಪಕ್ಕ ಗಂಡ ಅಂಟಿಸಿದ್ದ ಟೇಪಿನ ಬಗ್ಗೆ
ಏನೂ ಹೇಳಲಿಲ್ಲ.

ಮಾಸಿದ ಬಿಳಿ ಟೇಪು, ಪೆನ್ಸಿಲ್ಲಿನ ಗೀಚು:
ಇಪ್ಪತ್ತೆಂಟು, ವುಲ್ಫ್ ಕ್ರೀಕ್ ಏರು, ಒಣಹುಲ್ಲು, ತುಂಬು ಲೋಡು.
ಇಪ್ಪತ್ತೊಂದು, ಕುರಿ.
ಆರು, ಖಾಲಿ ಗಾಡಿ, ಸಪಾಟು ರಸ್ತೆ.
ಸೊನ್ನೆ, ಹೆದರಬೇಡ.
ಆಮೇಲೆ ಹನ್ನೊಂದು. ಸುತ್ತ ಎರಡು ಸಲ ಬಳಸಿದ ಗೆರೆ,
ಪಕ್ಕದಲ್ಲಿ ಒಂದಕ್ಷರವಿಲ್ಲ.

ಮೊದಮೊದಲು ನಾನು ಮುಳ್ಳನ್ನೇ ಬೈಯುತ್ತಿದ್ದೆ.
ಸ್ಯಾನ್ ಲೂಯಿಸ್ ಕಣಿವೆಯ ಗೆರೆ ಎಳೆದಂಥ ದಾರಿಯಲ್ಲಿ
ಬರಿಯ ಟ್ರೇಲರು ಎಳೆಯುವಾಗ ಐದು, ಆರು, ಮತ್ತೆ ಐದು.
ಟರ್ಬೊ ಸತ್ತಿದೆ ಎಂದು ಓರೆಲಿಯೊನ ಶೆಡ್ಡಿಗೆ ಒಯ್ದೆ.
ಅವನು ಬಾನೆಟ್ಟು ಕೂಡ ಎತ್ತಲಿಲ್ಲ.
"ಬರಿಗೈಲಿ ನಡೆಯುವವಳು ಯಾಕೆ ಏದುಸಿರು ಬಿಡಬೇಕು?
ಹೊರೆ ಹೊರಿಸಿ ಬಾ, ಎಲೊಯಿಸಾ, ಆಗ ನೋಡೋಣ."

ಅಂದರೆ ಈ ಮುಳ್ಳು ತಾಕತ್ತು ಅಳೆಯುವುದಿಲ್ಲ.
ಬೆಟ್ಟ ಎಷ್ಟು ಕೇಳಿತು, ಎಂಜಿನ್ನಿಗೆ ಎಷ್ಟು ಗಾಳಿ ಸಿಕ್ಕಿತು,
ಅಷ್ಟೇ ಅದರ ಚಾಡಿ.
ಸೊನ್ನೆಯೂ ಖಾಲಿಯಲ್ಲ:
ಎಂಜಿನ್ ಆರಿಸಿ ನಿಂತಾಗಲೂ ಆಕಾಶ ಮೇಲೆ ಕೂತೇ ಇರುತ್ತದೆ,
ಕಡಲ ದಡದಲ್ಲಿ ಹದಿನಾಲ್ಕು ಚಿಲ್ಲರೆ ತೂಕ,
ನಮ್ಮ ಘಾಟಿಯ ನೆತ್ತಿಯಲ್ಲಿ ಹತ್ತರ ಆಸುಪಾಸು.
ಅದನ್ನು ಗೇಜು ಲೆಕ್ಕಕ್ಕೇ ಹಿಡಿಯುವುದಿಲ್ಲ,
ಅಮ್ಮನ ಮನೆಯಲ್ಲಿ ಉಂಡದ್ದನ್ನು
ಯಾರೂ ಸಾಲದ ಪುಸ್ತಕಕ್ಕೆ ಏರಿಸದ ಹಾಗೆ.

ಇಷ್ಟೆಲ್ಲ ಕಲಿತರೂ ಹನ್ನೊಂದು ಮಾತ್ರ ಒಗಟು.

ನವೆಂಬರಿನ ಒಂದು ಸಂಜೆ. ಕುದುರೆಗಳ ಊರಿಗೆ ಆಲ್ಫಾಲ್ಫಾ,
ಮೇಲೆ ಕಟ್ಟಿದ ತಾಡಪಾಲಿನ ಮೇಲೆ ಸಣ್ಣ ಹಿಮ.
ಸೌತ್ ಫೋರ್ಕ್ ದಾಟಿ ಏರು ಹಿಡಿದೆ,
ಮುಳ್ಳು ಇಪ್ಪತ್ತೆಂಟಕ್ಕೆ ಒರಗಿ ಸುಖವಾಗಿತ್ತು.
ಹಿಮ ತಡೆಯುವ ಸುರಂಗದಿಂದ ಹೊರಬಿದ್ದದ್ದೇ
ಬಾನೆಟ್ಟಿನ ಕೆಳಗೆ ಯಾರೋ ಹಲ್ಲಿನ ಸಂದಿಯಿಂದ ಉಸಿರೆಳೆದಂತೆ ಸದ್ದು.
ಇಪ್ಪತ್ಮೂರು. ಹದಿನೇಳು. ಹನ್ನೊಂದು.
ಅಲ್ಲೇ ನಿಂತಿತು.
ಕನ್ನಡಿಯಲ್ಲಿ ಕಪ್ಪು ಹೊಗೆ, ಹಿಂದಿನ ಕಾರಿನ ದೀಪವೇ ಕಾಣದು.
ಹೊಗೆಯ ಶಾಖ ತೋರಿಸುವ ಇನ್ನೊಂದು ಗೇಜು
ಇದು ಇಳಿದಷ್ಟೂ ಅದು ಏರುತ್ತಿದೆ.
ಕಾಲು ತೆಗೆದೆ. ಕಾಲು ತೆಗೆಯುವುದೇ ಕಷ್ಟದ ಕೆಲಸ,
ಬೆಟ್ಟದ ಮಧ್ಯೆ, ಹಿಂದೆ ಹಾರ್ನು.

ಚೈನು ಕಟ್ಟುವ ಜಾಗದಲ್ಲಿ ನಿಲ್ಲಿಸಿ ಟಾರ್ಚು ಹಿಡಿದೆ.
ಇಂಟರ್‌ಕೂಲರಿಗೆ ಹೋಗುವ ದಪ್ಪ ರಬ್ಬರು,
ಬಾಯಿಯ ಅಂಚಿನಲ್ಲಿ ಸೀಳು, ಸುತ್ತ ಎಣ್ಣೆಯ ತೇವ.
ಒಳಗೆ ಹೋಗಬೇಕಿದ್ದ ಉಸಿರೆಲ್ಲ ಬೆಟ್ಟಕ್ಕೆ ದಾನ.
ಸೀಳಿದ ಅಂಚು ಚಾಕುವಿನಿಂದ ಕೊಯ್ದೆ,
ಉಳಿದದ್ದನ್ನು ಒಳಕ್ಕೆ ನೂಕಿ ಕ್ಲಾಂಪು ಬಿಗಿದೆ.
ಬೆರಳಿಗೆ ಸ್ಪರ್ಶವಿರಲಿಲ್ಲ. ಮುಳ್ಳು ಇಪ್ಪತ್ತಾರಕ್ಕೆ ಬಂತು.
ಇಪ್ಪತ್ತಾರು ಸಾಕು.
ಟೇಪು ನೋಡಿದೆ. ಗಂಟಲು ಕಟ್ಟಿತು.
ಡೆಲ್ಫಿನೊ, ನಿನಗೂ ಇದೇ ಏರಿನಲ್ಲಿ, ಇದೇ ರಬ್ಬರು!
ಮುಖ ನೋಡದ ಮನುಷ್ಯನಿಗೆ ನೆತ್ತಿಯವರೆಗೂ ಥ್ಯಾಂಕ್ಸ್ ಹೇಳಿದೆ.

ಭಾನುವಾರ ಒಂದು ಡಬ್ಬಿ ಬಿಸ್ಕತ್ತಿನ ಜೊತೆ
ಬೆನಿಗ್ನಾಳಿಗೂ ಹೇಳಿದೆ.
ಅವಳು ಕಾಫಿ ಕೆಳಗಿಟ್ಟು ನಕ್ಕಳು, ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು.
"ಹನ್ನೊಂದಾ? ಶನಿವಾರ ಮೇವಿನ ಅಂಗಡಿ ಬಾಗಿಲು ಹಾಕುವ ಹೊತ್ತು!
ಪ್ರತಿ ವಾರ ಮರೆಯುತ್ತಿದ್ದ.
ನನ್ನ ಕೋಳಿಗಳು ಉಪವಾಸ."

ಟೇಪು ಕೀಳಲಿಲ್ಲ.
ಹನ್ನೊಂದರ ಪಕ್ಕ ಬರೆದೆ: ಬಾನೆಟ್ಟು ಎತ್ತು.
ಅದರ ಕೆಳಗೆ, ಜಾಗ ಇದ್ದಷ್ಟರಲ್ಲಿ:
ಕೋಳಿ.