ಕತ್ತೆ

ಆಸ್ಪತ್ರೆಯಿಂದ ಮನೆಗೆ ಬಂದಾಗ
ಅವಳ ಬಾಯಲ್ಲಿ ಉಳಿದದ್ದು ಒಂದೇ ಪದ:
ಕತ್ತೆ.

ಮೂವತ್ತೊಂದು ವರ್ಷ ಗ್ಯುಮ್ರಿಯ ಶಾಲೆಯಲ್ಲಿ
ಭೂಗೋಳ ಕಲಿಸಿದ ನಾಲಿಗೆ.
ನದಿಗಳ ಹೆಸರು, ರಾಜಧಾನಿಗಳ ಹೆಸರು,
ಉಪ್ಪಿನ ಹೆಸರು, ನನ್ನ ಹೆಸರು
ಎಲ್ಲವೂ ಒಂದು ರಾತ್ರಿ ಎದ್ದು ಹೋದವು
ಬಾಗಿಲು ಕೂಡ ಎಳೆದುಕೊಳ್ಳದೆ.

ಬೈಗುಳ ಮಿದುಳಿನ ಬೇರೆ ಡಬ್ಬಿಯಲ್ಲಿರುತ್ತದಂತೆ.
ಕೆಲವರಿಗೆ ಪ್ರಾರ್ಥನೆಯೂ ಅದರಲ್ಲೇ ಇರುತ್ತದೆ,
ಕಾದು ನೋಡಿ, ಎಂದಳು ಡಾಕ್ಟರ್ ನಾರಿನೆ.
ಕಾದೆ.
ಕಿಟಕಿಯ ಹಿಮ ಕರಗುವ ತನಕ ಕಾದೆ.
ಕತ್ತೆ, ಅಂದಳು.

ಹೋಗಲಿ, ಅದು ನನ್ನ ಹಳೆಯ ಬಿರುದು.
ಮದುವೆಯ ದಿನ ಉಂಗುರ ಮರೆತು ಬಂದವನಿಗೆ
ಮುಸುಕಿನೊಳಗಿಂದಲೇ ಕೊಟ್ಟದ್ದು.
ಈಗ ಅದರಲ್ಲೇ ನೀರು ಬೇಕು, ಅದರಲ್ಲೇ ದಿಂಬು ಸರಿಸು,
ಅದರಲ್ಲೇ ಹೊರಗೆ ಕಾಗೆ ಕೂತಿದೆ ನೋಡು.
ಯಾವುದು ಯಾವುದೆಂದು ಕಿವಿ ಕಲಿಯುತ್ತಿದೆ,
ಈ ವಯಸ್ಸಿನಲ್ಲಿ, ಅಕ್ಷರಾಭ್ಯಾಸ.

ಮಧ್ಯಾಹ್ನ ಮೊಸರು ಗೋಧಿಯ ಬಿಸಿ ಸಾರು,
ಮೇಲೆ ಒಣ ಪುದೀನ ಚಿಟಿಕೆ.
ಚಮಚ ತುಟಿಗೆ ಹಿಡಿದು ಪ್ರತಿ ಸಲ ಅನ್ನುತ್ತೇನೆ:
ಹೊಟ್ಟೆಗೆ ಹಾಕಿಕೋ, ಅರುಸ್ಯಾಕ್.
ಕುಡಿದು ಬಂದ ಚಳಿಗಾಲಗಳನ್ನು,
ರಷ್ಯಾದಲ್ಲಿ ಗಾರೆ ಕಲಸುತ್ತ ಕಳೆದ ಮೂರು ವರ್ಷ
ಬರೆಯದ ಕಾಗದಗಳನ್ನು,
ಹೊಟ್ಟೆಗೆ ಹಾಕಿಕೋ.
ಅರ್ಧ ಒಳಗೆ ಹೋಗುತ್ತದೆ. ಅರ್ಧ ಗದ್ದಕ್ಕೆ.
ಒರೆಸಿ ಮತ್ತೆ ಅದ್ದುತ್ತೇನೆ.

ಪಾದ ತೊಳೆಯುವ ಗುರುವಾರ
ಔಷಧಿ ಅಂಗಡಿಯಿಂದ ಡಯಾಪರಿನ ಕಟ್ಟು ಹಿಡಿದು
ಕರಿಗಲ್ಲಿನ ಚರ್ಚಿನ ಮುಂದೆ ಹಾಯುತ್ತಿದ್ದೆ.
ಭೂಕಂಪದ ಆ ಡಿಸೆಂಬರಿನಿಂದ
ಅದರ ಹೊಸಿಲು ತುಳಿದವನಲ್ಲ ನಾನು.
ಹನ್ನೆರಡನೆಯವನು ಬಂದಿಲ್ಲ, ವರ್ದ್ಗೇಸ್,
ಬಾ, ಬೂಟು ಬಿಚ್ಚು, ಎಂದರು ಪಾದ್ರಿ ಮೆಸ್ರೋಪ್.

ಕೂತೆ, ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು.
ಅವರು ಮಂಡಿಯೂರಿದರು. ಬೆಳ್ಳಿಯ ಬಟ್ಟಲು, ಹಾಡು, ಧೂಪ.
ನನಗೆ ಕಂಡದ್ದು ಬೇರೆಯೇ:
ಬೆರಳ ಸಂದಿ ಮುಟ್ಟಲಿಲ್ಲ ಈ ಮನುಷ್ಯ,
ಹಿಮ್ಮಡಿಯನ್ನು ಮರೆತೇಬಿಟ್ಟ.
ನೀರು ತಣ್ಣಗಿದೆ, ಪಾದ್ರಿಗಳೇ, ಅಂದೆ ಮೆಲ್ಲಗೆ,
ಮೊಣಕೈ ಅದ್ದಿ ನೋಡಬೇಕು ಮೊದಲು.
ಹಾಡುವುದನ್ನು ಬಿಟ್ಟು
ಅವರು ನನ್ನ ಮುಖ ನೋಡಿದರು, ತುಂಬ ಹೊತ್ತು.

ಆಮೇಲೆ ಬಾಗಿಲಲ್ಲಿ ಆ ಪದದ ಕಥೆ ಹೇಳಿದೆ.
ನಕ್ಕರು. ಅವನು ಪಟ್ಟಣಕ್ಕೆ ಬಂದದ್ದೂ
ಕತ್ತೆಯ ಮೇಲೆಯೇ ಅಲ್ಲವೇನಯ್ಯಾ.
ದಾರಿಯುದ್ದಕ್ಕೂ ಯೋಚಿಸಿದೆ ಆ ಪ್ರಾಣಿಯನ್ನು.
ಬೆನ್ನ ಮೇಲೆ ಯಾರೆಂದು ಅದಕ್ಕೆ ಯಾರೂ ಹೇಳಿರಲಾರರು.
ಭಾರ ಮಾತ್ರ ಗೊತ್ತಿತ್ತು.

ಮಂತ್ರಿಸಿದ ಬೆಣ್ಣೆ ಇಷ್ಟೇ ಇಷ್ಟು,
ಅಕ್ರೋಟಿನ ಚಿಪ್ಪಿನಲ್ಲಿ ಕೊಟ್ಟಿದ್ದರು.
ನೀಲಿ ಬೋಗುಣಿಯಲ್ಲಿ ಅವಳ ಕಾಲು ತೊಳೆದು
ಒಡೆದ ಹಿಮ್ಮಡಿಗೆ ಅದನ್ನೇ ತಿಕ್ಕಿದೆ.
ಕಾಲಿಗೆ ಬಿದ್ದು ಗೊತ್ತಿಲ್ಲದವನು ನಾನು, ಯಾರದ್ದೂ.
ದಿನಾ ಸಂಜೆ ಇಲ್ಲಿ ಬಿದ್ದೇ ಇರುತ್ತೇನೆ.

ಇಷ್ಟು ಹೇಳಿ ನಿಲ್ಲಿಸಿದರೆ ಸುಳ್ಳಾಗುತ್ತದೆ.
ಮೊನ್ನೆ ರಾತ್ರಿ, ಹಾಸಿಗೆ ಒದ್ದೆಯಾದದ್ದು ನಾಲ್ಕನೇ ಸಲ,
ಒಗೆದ ಚಾದರ ಒಂದೂ ಒಣಗಿರಲಿಲ್ಲ,
ಸೊಂಟ ಎರಡು ತುಂಡಾಗಿತ್ತು.
ದೀಪ ಹಾಕಿ, ಗೋಡೆ ಅದುರುವಂತೆ, ನಾನೂ ಕೂಗಿದೆ:
ಕತ್ತೆ!

ಅವಳು ಕಣ್ಣು ಬಿಟ್ಟಳು.
ಪರದೇಶದ ಸಂತೆಯಲ್ಲಿ ತನ್ನೂರಿನ ಮಾತು
ಕೇಳಿಸಿದವಳ ಹಾಗೆ
ಮುಖವೆಲ್ಲ ತೆರೆದುಕೊಂಡಿತು.
ನಕ್ಕಳು, ಅರ್ಧ ಬಾಯಲ್ಲಿ. ಎಡಗೈಯಿಂದ
ಪಕ್ಕದ ಒದ್ದೆ ಜಾಗವನ್ನು ತಟ್ಟಿದಳು,
ಕೂತುಕೋ ಎಂಬಂತೆ.

ಕೂತೆ.
ಬೆಳಗಿನ ಮೊದಲ ಬಸ್ಸು ಹೋಗುವ ತನಕ
ಒಬ್ಬರನ್ನೊಬ್ಬರು ಕರೆಯುತ್ತಲೇ ಇದ್ದೆವು.