ಹದಿನಾರನೇ ಮನೆ

ಬೈತಖೋಲ ಬಂದರಿನಲ್ಲಿ, ಐಸ್ ಫ್ಯಾಕ್ಟರಿಗೆ ಬೆನ್ನು ಹಾಕಿ
ನನ್ನ ರಿಪೇರಿ ಅಂಗಡಿ.
ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ,
ಬೋಟಿನ ವೈರ್‌ಲೆಸ್ ಸೆಟ್ಟುಗಳು
ಎರಡನ್ನೂ ಮುಗಿಸಿಕೊಂಡೇ ನನ್ನ ಮೇಜಿಗೆ ಬರುತ್ತವೆ.

ಗೋಡೆಯ ಗಡಿಯಾರ ಗುಜರಿಗೆ ಹೋದ ಹಡಗಿನದು.
ಮುಖದ ಮೇಲೆ ಎರಡು ಕೆಂಪು ಹೋಳು, ಎರಡು ಹಸಿರು.
ಯಾಕೆ ಎಂದು ಕೇಳಿದೆಯಲ್ಲ, ಪ್ರಣಾಲಿ,
ಮೊದಲು ಪಾಲಿನ ಕತೆ ಕೇಳು.

ರಂಪಣಿ ಎಳೆದ ದಿನ ದಂಡೆಯಲ್ಲಿ ಪಾಲು ಹಾಕುತ್ತಾರೆ:
ಬಲೆಗೆ ಇಷ್ಟು, ದೋಣಿಗೆ ಇಷ್ಟು, ಹಗ್ಗ ಹಿಡಿದ ಕೈಗೆ ಇಷ್ಟು,
ಸುಮ್ಮನೆ ನಿಂತು ನೋಡಿದ ಮುದುಕಿಗೂ ಒಂದು ಬುಟ್ಟಿ.
ಹಾಗೇ ಆಕಾಶವನ್ನೂ ಪಾಲು ಹಾಕಿದ್ದಾರೆ.
ಜಿನೀವಾ ಅಂತ ಊರು. ಆ ದೇಶಕ್ಕೆ ಸಮುದ್ರವೇ ಇಲ್ಲ.
ಮೂರು ನಾಲ್ಕು ವರ್ಷಕ್ಕೊಮ್ಮೆ ಎಲ್ಲರೂ ಅಲ್ಲಿಯ ಪಟ್ಟಿ ಹಿಡಿದು
ಅಲ್ಪವಿರಾಮಕ್ಕೂ ಜಗಳಾಡುತ್ತಾರೆ.
ಭೂಮಿಗೆ ಮೂರು ಹೋಳು. ನಾವು ಮೂರನೆಯವರು,
ಜಪಾನೂ ಫಿಜಿಯೂ ನಮ್ಮ ಪಂಕ್ತಿಯಲ್ಲೇ ಎಲೆ ಹಾಕಿಕೊಂಡಿವೆ.

ವಿಮಾನಕ್ಕೊಂದು ಓಣಿ, ಎಫ್‌ಎಮ್ಮಿಗೊಂದು.
ಅರ್ಗಾದ ನೌಕಾನೆಲೆಗೆ ಎಷ್ಟು ಎಂದು ಕೇಳಬಾರದು.
ಮೊಬೈಲಿನವರು ಹರಾಜಿನಲ್ಲಿ ಹಿಡಿದರು,
ಇಸ್ವಣದ ಹರಾಜು ಅದರ ಮುಂದೆ ಮಕ್ಕಳಾಟ.
ನಕ್ಷತ್ರಗಳಿಗೆ ಕಿವಿಗೊಟ್ಟು ಕೂತವರಿಗಾಗಿ
ಯಾರೂ ಬಾಯಿ ತೆರೆಯಬಾರದ ಸಣ್ಣ ಜಾಗವೂ ಒಂದಿದೆ.
ಎರಡೂವರೆ ಗಿಗಾಹರ್ಟ್ಸಿಗೆ ತುಸು ಕೆಳಗೆ ಗೋಮಾಳ:
ಲಾಡ್ಜಿನ ವೈಫೈ, ಹುಡುಗರ ಕಿವಿಯ ಬ್ಲೂಟೂತ್,
ರೊಜಾರಿಯೋ ಬೇಕರಿಯ ಓವನ್ ಎಲ್ಲ ಅಲ್ಲೇ ಮೇಯುತ್ತವೆ.
ಅವನು ಪಫ್ಸ್ ಬಿಸಿಮಾಡಿದರೆ ನನ್ನ ವಿಡಿಯೋ ನಿಲ್ಲುತ್ತದೆ.

ಕರಾವಳಿಯ ಬೋಟುಗಳಿಗೆ ಸಿಕ್ಕಿದ್ದು
ನೂರೈವತ್ತಾರರ ಆಸುಪಾಸು ಒಂದು ಕೇರಿ.
ಅದರಲ್ಲಿ ಹದಿನಾರನೇ ಮನೆ ಯಾರದೂ ಅಲ್ಲ.
ಬಾಗಿಲು ತೆರೆದಿರಬೇಕು, ಯಾರೂ ಸಂಸಾರ ಹೂಡಬಾರದು,
ಮುಳುಗುವವನು ಓಡಿ ಬಂದು ಕೂಗುವ ಜಗಲಿ ಅದು.
ನಮ್ಮವರೋ,
ಬಂಗುಡೆಯ ದರ, ಭಾವಮೈದುನನ ಮದುವೆ, ಎಲ್ಲ ಅಲ್ಲೇ.

ಹಿಂದೆ ಮುಳ್ಳು ಹಸಿರು ಹೋಳಿಗೆ ಬಂದರೆ
ಹಡಗಿನ ಮಾತುಗಾರರೆಲ್ಲ ಬಾಯಿ ಮುಚ್ಚಬೇಕಿತ್ತು.
ಮೂರು ನಿಮಿಷ, ಗಂಟೆಗೆ ಎರಡು ಸಲ.
ಕೆಂಪು ಟಕಟಕ ಕುಟ್ಟುವವರಿಗೆ.
ಎಲ್ಲೋ ಒಂದು ಸಣ್ಣ ದನಿ ಇದ್ದರೆ ಕೇಳಲಿ ಅಂತ.
ಸಂಬಳ ತೆಗೆದುಕೊಂಡು ಸುಮ್ಮನಿರುವ ಕೆಲಸ!
ಆಮೇಲೆ ಉಪಗ್ರಹ ಬಂತು, ನಿಯಮ ಹೋಯಿತು,
ಗಡಿಯಾರವನ್ನು ನಾನು ತೂಕಕ್ಕೆ ಕೊಂಡೆ.

ಆ ಸಪ್ಟೆಂಬರಿನ ರಾತ್ರಿ, ದೇವಗಡದ ದೀಪದಾಚೆ,
ದತ್ತಾ ತಾಂಡೇಲನ ಬೋಟಿಗೆ ನೀರು ನುಗ್ಗಿತು.
ಹದಿನಾರರಲ್ಲಿ ಕೂಗಿದ.
ಇತ್ತ ದಡದ ಹತ್ತಿರ ಇನ್ನೊಂದು ಬೋಟಿನಲ್ಲಿ
ಮೈಕಿನ ಗುಂಡಿ ಒಳಗೇ ಕಚ್ಚಿಕೊಂಡಿತ್ತು.
ಐವತ್ತು ನಿಮಿಷ ಬಂದರಿಗೆಲ್ಲ ಕೇಳಿದ್ದು
ಇಂಜಿನ್ನಿನ ಗುಡುಗುಡು, ಪಾತ್ರೆಯಲ್ಲಿ ಸೌಟು,
ಅಡುಗೆಯವನ ಗುನುಗು.
ಈ ಜಾತಿಯ ಅಲೆಯಲ್ಲಿ ಗಟ್ಟಿಯದೇ ಗೆಲ್ಲುತ್ತದೆ.
ಮೆಲ್ಲನೆಯದು ಹಿಂದೆ ಕೂಡ ಉಳಿಯುವುದಿಲ್ಲ,
ಇರಲೇ ಇಲ್ಲ ಎಂಬಂತೆ.
ನಾನೂ ಇಲ್ಲೇ ಕೂತು ಕೇಳಿದೆ. ನಕ್ಕೆ.
‘ಯಾರೋ ಸಾರಿಗೆ ಹುಳಿ ಹಾಕ್ತಿದ್ದಾನೆ’ ಎಂದೆ.

ನಾಲ್ವರೂ ಬದುಕಿದರು. ಡೀಸೆಲ್ ಕ್ಯಾನು ತಬ್ಬಿ ತೇಲುತ್ತಿದ್ದವರನ್ನು
ಬೆಳಗ್ಗೆ ಮಾಜಾಳಿಯವರು ಎತ್ತಿಕೊಂಡರು.
ಮಧ್ಯಾಹ್ನ ಆ ಮೈಕು ನನ್ನ ಮೇಜಿಗೆ ಬಂತು.
ಬಿಚ್ಚಿದೆ. ಗುಂಡಿಯ ಕೆಳಗೆ
ಬಾಲ್‌ಪೆನ್ನಿನ ಸ್ಪ್ರಿಂಗು.
ಚೌತಿಯ ಅವಸರದಲ್ಲಿ ನಾನೇ ಕತ್ತರಿಸಿ ಹಾಕಿದ್ದು.

ನಿನಗೆ ಹೇಳಿದೆ. ದತ್ತಾನಿಗೆ ಹೇಳಿಲ್ಲ.
‘ಮೂರು ದಿನ ಗಂಟಲೇ ಹೋಗಿತ್ತು ಮಾರಾಯ’ ಅನ್ನುತ್ತಾನೆ,
ನನ್ನದೇ ಚಹಾ ಕುಡಿಯುತ್ತ.

ನೋಡು, ಮುಳ್ಳು ಹಸಿರಿಗೆ ಬಂತು.
ಬೆಸುಗೆ ಕಡ್ಡಿ ಕೆಳಗಿಡು. ಫ್ಯಾನೂ ಆರಿಸು.
ಬಾಗಿಲಲ್ಲಿ ಅವನೇ, ಬಗಲಲ್ಲಿ ಸೆಟ್ಟು.
ನಮ್ಮನ್ನು ನೋಡಿ ಅವನೂ ನಿಂತುಕೊಂಡಿದ್ದಾನೆ,
ಯಾಕೆಂದು ಕೇಳದೆ.